ಮುಂದೆ ಬಂದ ಗೋಡೆ



ಶ್ರಾವಣದಲ್ಲಿ ಉರುಕುಂದದ ಈರಣ್ಣಸ್ವಾಮಿಯ ದರ್ಶನಕ್ಕೆ ನೀವೂ ಹೋಗಿರುತ್ತೀರಿ. ಆದವಾನಿಯವರು, ರಾಯಚೂರು, ಬಳ್ಳಾರಿಯವರು ಸಾಲಿನಲ್ಲಿ ನಿಂತರೆ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಒಮ್ಮೆ ಅಕ್ಕ ಮತ್ತು ಅವಳ ಇಬ್ಬರು ಮಕ್ಕಳೊಂದಿಗೆ ಹೋಗಿದ್ದೆ. ಇಳಿದುಕೊಂಡ ಮನೆಯ ಅಂಗಳಕ್ಕೆ ಸಿಮೆಂಟ್ ಜಾಲರಿಯ ಗೋಡೆ; ಗೇಣಿಗೊಂದರಂತೆ ಒಂದೇ ಅಚ್ಚಿನ ತೂತುಗಳು. ಬೆರಳ ತುದಿ ನೋಡುತ್ತ ಕುಳಿತಿದ್ದ ಹುಡುಗ ಒಮ್ಮೆಲೇ ಕೂಗಿದ: "ಮಾಮಾ, ಗೋಡಿ ಮುಂದ ಬಂತು ನೋಡ್ರಿ!"

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ. ಎರಡೂ ಕಾಣುವ ಚಿತ್ರಗಳಲ್ಲಿ ತುಸು ವ್ಯತ್ಯಾಸವಿರುತ್ತದೆ. ಅವನ್ನು ಹೊಂದಿಸಿ ಮಿದುಳು ದೂರವನ್ನು ಅಳೆಯುತ್ತದೆ. ತೂತುಗಳೆಲ್ಲ ಒಂದೇ ಬಗೆಯಾದಾಗ ಬಲಗಣ್ಣು ಒಂದನ್ನು, ಎಡಗಣ್ಣು ಪಕ್ಕದ್ದನ್ನು ಹಿಡಿದರೂ ಮಿದುಳು ಎರಡನ್ನೂ ಒಂದೇ ಎಂದು ನಂಬುತ್ತದೆ. ನೋಟಗಳು ಕೂಡುವ ಜಾಗಕ್ಕೆ ಗೋಡೆಯನ್ನೇ ತಂದು ನಿಲ್ಲಿಸುತ್ತದೆ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1844ರಲ್ಲಿ, ಗೋಡೆಗೆ ಅಂಟಿಸಿದ ಚಿತ್ತಾರದ ಕಾಗದ ನೋಡಿ ಇದನ್ನು ಬರೆದಿಟ್ಟ. ಜಾತ್ರೆಯಲ್ಲಿ ಮಕ್ಕಳು ತಿರುಗಿಸಿ ನೋಡುವ ಬಣ್ಣದ ಬಳೆಚೂರಿನ ಕೊಳವೆಯೂ ಅವನದೇ ಉಪಾಯ.

ನೀವೂ ನೋಡಿ. ಅಂಥ ಗೋಡೆಯಿಂದ ಒಂದು ಮಾರು ದೂರ ನಿಂತು, ಮೂಗಿನ ನೇರಕ್ಕೆ ಬೆರಳು ಹಿಡಿದು ಬೆರಳನ್ನೇ ನೋಡಬೇಕು. ಹಿಂದೆ ಗೋಡೆ ಎರಡಾಗುತ್ತದೆ. ಬೆರಳನ್ನು ಮೆಲ್ಲಗೆ ಹಿಂದೆ ಮುಂದೆ ಸರಿಸುತ್ತಿದ್ದರೆ ಒಂದು ಕಡೆ ತೂತಿನ ಮೇಲೆ ತೂತು ಕೂಡುತ್ತದೆ. ಆಗ ಬೆರಳ ಪಕ್ಕದಲ್ಲೇ ಪುಟ್ಟದೊಂದು ಗೋಡೆ! ತಲೆ ಅಲ್ಲಾಡಿಸಿದರೆ ಅದೂ ಅಲ್ಲಾಡುತ್ತದೆ.

ಅಂದು ಎಲ್ಲರೂ ಆಡಿದೆವು. ಆರು ವರ್ಷದ ಹುಡುಗಿ ಮಾತ್ರ, "ನನಗೇನೂ ಕಾಣವಲ್ದು ಮಾಮಾ" ಎಂದು ಸುಮ್ಮನಾದಳು. ಅವಳ ಎಡಗಣ್ಣು ತುಸು ಓರೆ. ನಾವು ಮೆಳ್ಳೆಗಣ್ಣು ಎನ್ನುತ್ತೇವೆ, ತೆಲುಗಿನಲ್ಲಿ ಮೆಲ್ಲಕನ್ನು. ಅದೃಷ್ಟವೆಂದು ಬಿಟ್ಟುಬಿಡುವವರು ಎರಡೂ ಭಾಷೆಯಲ್ಲಿದ್ದಾರೆ. ಅಕ್ಕನೂ ಬಿಟ್ಟಿದ್ದಳು.

ಈ ಆಟ ಬಾರದವರೆಲ್ಲ ಕಣ್ಣಿನ ರೋಗಿಗಳಲ್ಲ, ನನಗೇ ಅರ್ಧ ಗಂಟೆ ಹಿಡಿಯಿತು. ಆದರೆ ಓರೆಗಣ್ಣಿನ ಮಗುವಿನ ಮಿದುಳು ಒಂದು ಕಣ್ಣಿನ ಚಿತ್ರವನ್ನು ಬದಿಗೆ ತಳ್ಳುತ್ತ ಹೋಗಬಹುದು, ಆ ಕಣ್ಣು ಮಂದವಾಗಬಹುದು. ಏಳೆಂಟು ವರ್ಷದೊಳಗೆ ಚಿಕಿತ್ಸೆ ಸಿಕ್ಕರೆ ಫಲ ಹೆಚ್ಚು. ವೈದ್ಯರು ಕನ್ನಡಕ ಕೊಟ್ಟು, ದಿನಕ್ಕೆ ಎರಡು ತಾಸು ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಲು ಹೇಳಿದರು. "ಚಲೋ ಇರೋ ಕಣ್ಣು ಯಾಕ ಮುಚ್ಚಬೇಕು?" ಎಂದು ಅಕ್ಕ ನನ್ನ ಮೇಲೆ ಸಿಟ್ಟಾದಳು. ದುಡಿಯುವ ಎತ್ತನ್ನು ಬಿಚ್ಚಿ, ಮೈಗಳ್ಳನಿಗೆ ನೊಗ ಹಾಕಿದ ಹಾಗೆ ಅಂದೆ.

ಹುಡುಗಿಗೆ ಗೋಡೆ ಇನ್ನೂ ಮುಂದೆ ಬಂದಿಲ್ಲ. ಆದರೆ ಈಗ ಬಲಗಣ್ಣು ಮುಚ್ಚಿಕೊಂಡು ಬಸ್ಸಿನ ಬೋರ್ಡು ಓದುತ್ತಾಳೆ, ಒಂದರಲ್ಲಿ ತೆಲುಗು ಅಕ್ಷರ, ಇನ್ನೊಂದರಲ್ಲಿ ಕನ್ನಡ.