ಹತ್ತನೇ ಕ್ಲಾಸಿನ ಗಣಿತ, ಮೈಕ್ರಾನ್ ಲೆಕ್ಕದ ಕೆಲಸ



ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ಒಂದೇ ಮಾತು: ಸೈನ್ಸೋ, ಕಾಮರ್ಸೋ? ಎರಡೂ ಬೇಡವೆಂದ ಮೇಲೆ ಐಟಿಐ ನೆನಪಾಗುತ್ತದೆ, ಗಣಿತ ಬಾರದವರ ಜಾಗ ಅದು ಎಂಬಂತೆ. ಈ ಎಣಿಕೆ ತಪ್ಪು ಎಂದು ಹೇಳಲೆಂದೇ ಇವತ್ತು ಮೈಕಿನ ಮುಂದೆ ಕುಳಿತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ 1964ರಲ್ಲಿ ಹುಟ್ಟಿದ ಬೆಮೆಲ್ ಕೆಜಿಎಫ್‌ನಲ್ಲಿ ಇಂದಿಗೂ ಭಾರಿ ಯಂತ್ರಗಳನ್ನು ತಯಾರಿಸುತ್ತಿದೆ. ನರಸಾಪುರದಲ್ಲಿ ಹೋಂಡಾ 2013ರಿಂದ ದ್ವಿಚಕ್ರ ವಾಹನ ಮಾಡುತ್ತಿದೆ. ಇಂಥ ವಾಹನ, ಯಂತ್ರಗಳ ಒಳಗಿನ ಶಾಫ್ಟು, ಗೇರು, ಬುಷ್‌ಗಳನ್ನು ಕಡೆದು, ಕೊರೆದು, ಕರಾರುವಾಕ್ಕಾದ ಅಳತೆಗೆ ತರುವ ಕೆಲಸವೇ ಪ್ರಿಸಿಷನ್ ಮೆಷಿನಿಂಗ್.

ಎಷ್ಟು ಕರಾರುವಾಕ್ಕು? ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 50 ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟೊಂದು ಲೇತಿನಿಂದ ಬಿಸಿಬಿಸಿಯಾಗಿ ಇಳಿಯಿತು ಎನ್ನೋಣ. ಹುಡುಗ ಮೈಕ್ರೋಮೀಟರ್ ಹಿಡಿದು ನೋಡುತ್ತಾನೆ, ಅಳತೆ ಸರಿಯಾಗಿದೆ. ಅದೇ ಶಾಫ್ಟು 20 ಡಿಗ್ರಿ ತಣಿದಾಗ 12 ಮೈಕ್ರಾನ್ ಕುಗ್ಗಿರುತ್ತದೆ. 10 ಮೈಕ್ರಾನ್‌ಗಿಂತ ಹೆಚ್ಚು ಕಡಿಮೆಯಾಗಕೂಡದು ಎಂದು ಡ್ರಾಯಿಂಗಿನಲ್ಲಿದ್ದರೆ ಆ ಜಾಬ್ ರಿಜೆಕ್ಟ್! ಉದ್ದಳತೆಗೆ ಲೋಕವೆಲ್ಲ ಒಪ್ಪಿಕೊಂಡಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಮೇ ತಿಂಗಳ ಮುಳಬಾಗಿಲಿನಲ್ಲಿ ಅದಕ್ಕೆ ಎಸಿ ಕೋಣೆಯೇ ಗತಿ.

ಇನ್ನು ಗಣಿತ. ಹತ್ತನೇ ಕ್ಲಾಸಿನ ತ್ರಿಕೋನಮಿತಿ ಯಾವ ಉಪಯೋಗಕ್ಕೆ ಎಂದು ಕೇಳದ ಮಕ್ಕಳಿಲ್ಲ. ವರ್ಕ್‌ಶಾಪಿನಲ್ಲಿ ಸೈನ್ ಬಾರ್ ಎಂಬ ಉಕ್ಕಿನ ಪಟ್ಟಿ ಇರುತ್ತದೆ. ಅದರ ಎರಡು ತುದಿಯ ರೋಲರುಗಳ ನಡುವೆ 200 ಮಿಲಿಮೀಟರ್ ಅಂತರ. ಒಂದು ರೋಲರಿನ ಕೆಳಗೆ 100 ಮಿಲಿಮೀಟರ್ ಎತ್ತರಕ್ಕೆ ಸ್ಲಿಪ್ ಗೇಜ್ ಎಂಬ ಅಳತೆಯ ತುಂಡುಗಳನ್ನು ಇಟ್ಟರೆ ಪಟ್ಟಿ ಸರಿಯಾಗಿ 30 ಡಿಗ್ರಿ ಓರೆಯಾಗುತ್ತದೆ, ಏಕೆಂದರೆ ಸೈನ್ 30 ಅಂದರೆ ಅರ್ಧ. ಬಾಯಿಪಾಠ ಮಾಡಿದ ಕೋಷ್ಟಕ ಇಲ್ಲಿ ಕೈಗೆ ಸಿಗುತ್ತದೆ.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಬಂದ ಮೇಲೆ ಇದೆಲ್ಲ ಯಾಕೆ ಅನ್ನಬಹುದು. ಆ ಯಂತ್ರಕ್ಕೆ ಸ್ವಂತ ಬುದ್ಧಿಯಿಲ್ಲ, ಬರೆದುಕೊಟ್ಟದ್ದನ್ನು ಮಾಡುತ್ತದೆ. ಕೆಲವು ಯಂತ್ರಗಳಲ್ಲಿ 50ರ ಮುಂದೆ ದಶಮಾಂಶ ಚುಕ್ಕಿ ಇಡಲು ಮರೆತರೆ ಅದು 50 ಮಿಲಿಮೀಟರ್ ಅಲ್ಲ, 50 ಮೈಕ್ರಾನ್ ಎಂದು ತಿಳಿಯುತ್ತದೆ. ಟೂಲ್ ಹೋಗಬೇಕಾದ ಕಡೆಗೆ ಹೋಗುವುದಿಲ್ಲ, ಹೋಗಬಾರದ ಕಡೆ ಗುದ್ದಿದರೂ ಗುದ್ದೀತು. ಅದಕ್ಕೇ ತರಬೇತಿಯ ಆರಂಭದಲ್ಲಿ ಮಕ್ಕಳ ಕೈಗೆ ಅರ ಕೊಟ್ಟು ಕಬ್ಬಿಣ ಉಜ್ಜಿಸುತ್ತಾರೆ. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ಅಪ್ಪ ಅಮ್ಮ ಗೊಣಗುತ್ತಾರೆ. ನನ್ನ ಕೇಳಿದರೆ ಉಜ್ಜಲಿ. ಲೋಹ ಎಷ್ಟು ಬಗ್ಗುತ್ತದೆ, ಎಲ್ಲಿ ಹಟ ಮಾಡುತ್ತದೆ ಎಂಬುದು ಪರದೆ ನೋಡಿ ತಿಳಿಯುವುದಿಲ್ಲ.

ಕಲಿಯಲು ದಾರಿಗಳಿವೆ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದೆ. ಆ ಯೋಜನೆಯಲ್ಲಿ ಬಂದ ಕೋರ್ಸುಗಳಲ್ಲೊಂದು ಎರಡು ವರ್ಷದ ಅಡ್ವಾನ್ಸ್ಡ್ ಸಿಎನ್‌ಸಿ ಮೆಷಿನಿಂಗ್. ಎಸ್‌ಎಸ್‌ಎಲ್‌ಸಿ ಪಾಸಾದವರು ಸೇರಬಹುದು. ಇನ್ನೊಂದು, 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ ಎಂಬ ಸರ್ಕಾರಿ ತರಬೇತಿ ಸಂಸ್ಥೆ. ಅದರ ಕೇಂದ್ರ ಕೋಲಾರದಲ್ಲೂ ಇದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ಕೆಲಸ. ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದೇ ಇದೆ, ಮನೆಯವರು ಅಡ್ಡ ನಿಲ್ಲದಿದ್ದರೆ.

ಸೇರಿಸುವ ಮೊದಲು ಒಮ್ಮೆ ವರ್ಕ್‌ಶಾಪಿನೊಳಗೆ ಹೋಗಿ ಬನ್ನಿ. ಕಟ್ಟಡಕ್ಕೆ, ಬೋರ್ಡಿಗೆ ಮರುಳಾಗಬೇಡಿ. ಯಂತ್ರಗಳು ನಿಜಕ್ಕೂ ಓಡುತ್ತಿವೆಯೇ, ಪ್ಲಾಸ್ಟಿಕ್ ಹೊದ್ದು ನಿಂತಿವೆಯೇ ನೋಡಿ. ವಾರಕ್ಕೆ ಎಷ್ಟು ಗಂಟೆ ನನ್ನ ಮಗುವಿಗೆ ಯಂತ್ರ ಸಿಗುತ್ತದೆ ಎಂದು ಬಾಯಿ ಬಿಟ್ಟು ಕೇಳಿ. ಉತ್ತರ ಸರಿಬಂದರೆ ಮಾತ್ರ ಅರ್ಜಿ ಹಾಕಿ.