ಒಡೆಯನಿಲ್ಲದ ದುಡಿಮೆಗೂ ಎಂಟು ಗಂಟೆ ಬೇಕು

(ಬೋರ್ಡು ಬರೆಯುವವರು, ನಾಟಕದ ಪರದೆ ಬರೆಯುವವರು, ಮೂರ್ತಿಕಾರರು, ಕಸೂತಿ ಕೆಲಸದ ಹೆಣ್ಣುಮಕ್ಕಳು ಸೇರಿದ್ದ ಕೂಟದಲ್ಲಿ ಮಾಡಿದ ಭಾಷಣ. ಮಿಲ್ ಕಾರ್ಮಿಕರೂ ಪೇಟೆಯ ವರ್ತಕರೂ ಹಾಜರಿದ್ದರು.)



ಇಂದು ಇಲ್ಲಿ ಮೂರು ಬಗೆಯ ದುಡಿಮೆಗಾರರು ಕುಳಿತಿದ್ದೀರಿ. ಮಿಲ್ಲಿನ ಶಿಳ್ಳೆ ಕೇಳಿ ಎದ್ದವರು ಒಂದು ಕಡೆ. ಅಂಗಡಿಯ ಬಾಗಿಲು ತೆಗೆದು ಗಿರಾಕಿಯ ದಾರಿ ನೋಡುವವರು ಇನ್ನೊಂದು ಕಡೆ. ನಡುವೆ, ಉಗುರಿನ ಸಂದಿಯಲ್ಲಿ ಇನ್ನೂ ಬಣ್ಣ ಉಳಿಸಿಕೊಂಡು ಬಂದಿರುವ ಕಲಾವಿದರು. ಈ ನಡುವಿನವರ ಬಗ್ಗೆ ನಾವು ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇವೆ. ಆದರೆ ಮಾತು ಮುಗಿಯುವ ಹೊತ್ತಿಗೆ ಅದು ಮೂವರಿಗೂ ಸೇರಿದ ಮಾತೆಂದು ನಿಮಗೇ ಕಂಡೀತು.

ಕಲಾವಿದರನ್ನು ಕೇಳಿದರೆ, “ಮೇಷ್ಟ್ರೇ, ನಮಗೇನು, ಧಣಿ ಇಲ್ಲ, ಹಾಜರಿ ಪುಸ್ತಕ ಇಲ್ಲ. ನಮ್ಮ ಕೈಗೆ ನಾವೇ ಒಡೆಯರು” ಎನ್ನುತ್ತಾರೆ. ಕೇಳಲು ಹಿತವಾದ ಮಾತು. ಆದರೆ ಅವರ ಮನೆಯೊಳಗೆ ಹೋಗಿ ನೋಡಿ. ಗಣೇಶನ ಹಬ್ಬ ಒಂದು ತಿಂಗಳಿದೆ ಎನ್ನುವಾಗ ಮೂರ್ತಿಕಾರನ ಮನೆಯಲ್ಲಿ ಮಲಗಲು ಜಾಗವಿರುವುದಿಲ್ಲ. ನಡುಮನೆ, ಪಡಸಾಲೆ ಎಲ್ಲ ಹಸಿ ಮಣ್ಣಿನ ಮೂರ್ತಿಗಳದೇ. ಚುನಾವಣೆ ಬಂದರೆ ಗೋಡೆ ಬರೆಯುವವನಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಮೊದಲನೆಯ ಪೀರಿಯಡ್ಡಿನಲ್ಲೇ ತೂಕಡಿಸುವ ಮಕ್ಕಳಿರುತ್ತಿದ್ದರು. ವಿಚಾರಿಸಿದರೆ, ಅಪ್ಪ ರಾತ್ರಿ ಅಕ್ಷರ ಬರೆಯುವಾಗ ದೀಪ ಹಿಡಿದು ನಿಂತಿದ್ದೆವು ಎನ್ನುತ್ತಿದ್ದರು. ಧಣಿ ಇಲ್ಲದ ಮನೆಯಲ್ಲಿ ಮಗುವಿನ ನಿದ್ದೆಯನ್ನು ಕಸಿದವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕದೆ ನಾವು ಏಳಬಾರದು.

ಒಂದು ಉತ್ತರ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಕಲೆ ಎಂದರೆ ತಪಸ್ಸು, ಕಲಾವಿದ ಸಂಸಾರದ ಸುಖ ಕೇಳಬಾರದು ಎಂಬುದು. ನಮ್ಮ ಮೈಸೂರು ಸೀಮೆಯ ಕೆ. ವೆಂಕಟಪ್ಪನವರನ್ನೇ (1886–1965) ಉದಾಹರಣೆ ಕೊಡುತ್ತಾರೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ಆ ದೊಡ್ಡ ಚಿತ್ರಕಾರರು ಮದುವೆಯಾಗದೆ, ಚಿತ್ರ ಮತ್ತು ವೀಣೆಗೇ ಬಾಳನ್ನು ಮೀಸಲಿಟ್ಟರು. ಅವರಿಗೆ ನಾವು ಕೈ ಮುಗಿಯುತ್ತೇವೆ. ಆದರೆ ಒಬ್ಬರು ತಾವಾಗಿ ಆರಿಸಿಕೊಂಡ ವ್ರತವನ್ನು, ಮೂರು ಮಕ್ಕಳ ತಂದೆಯಾದ ಬೋರ್ಡು ಪೇಂಟರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವನು ಸಂನ್ಯಾಸ ತೆಗೆದುಕೊಂಡಿಲ್ಲ. ಅವನು ತೆಗೆದುಕೊಂಡಿರುವುದು ಕಿರಾಣಿ ಅಂಗಡಿಯ ಉದ್ದರಿ.

ಇನ್ನೊಂದು ಉತ್ತರ, ಅವನಿಗೆ ಶಿಸ್ತಿಲ್ಲ ಎಂಬುದು. ಬೆಳಿಗ್ಗೆ ಬೇಗ ಎದ್ದು, ವೇಳಾಪಟ್ಟಿ ಹಾಕಿಕೊಂಡರೆ ಎಲ್ಲವೂ ಸರಿಹೋದೀತೆಂದು ಬುದ್ಧಿ ಹೇಳುವವರಿದ್ದಾರೆ. ಶಿಸ್ತು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ರೋಗ ಇರುವುದು ಗಡಿಯಾರದಲ್ಲಿ ಅಲ್ಲ, ದರದಲ್ಲಿ. ಬನ್ನಿ, ಒಂದು ಲೆಕ್ಕ ಮಾಡೋಣ. ಸ್ಲೇಟು ಇಲ್ಲದಿದ್ದರೆ ಬೆರಳ ಮೇಲಾದರೂ ಎಣಿಸಿ.

ಒಬ್ಬ ಪೇಂಟರನ ಮನೆಗೆ ತಿಂಗಳಿಗೆ 20,000 ರೂಪಾಯಿ ಬೇಕೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 2,40,000 ಆಯಿತು. ಅವನು ಇದನ್ನು 365 ದಿನಕ್ಕೆ ಭಾಗಿಸಿ, ದಿನಕ್ಕೆ ಸುಮಾರು 660 ರೂಪಾಯಿ ಬಂದರೆ ಸಾಕೆಂದು, ಬಣ್ಣದ ಖರ್ಚನ್ನು ಬೇರೆ ಹಿಡಿದು, ಗಿರಾಕಿಗೆ ದರ ಹೇಳುತ್ತಾನೆ. ತಪ್ಪು ಇಲ್ಲಿಯೇ ಹುಟ್ಟುತ್ತದೆ. ಮೊದಲು, ಕೋಣೆಯ ಬಾಡಿಗೆ, ದೀಪ, ಕುಂಚ, ಏಣಿ, ಓಡಾಟಕ್ಕೆ ತಿಂಗಳಿಗೆ 5,000 ಎಂದರೂ ವರ್ಷಕ್ಕೆ 60,000. ಒಟ್ಟು ಬೇಕಾದದ್ದು 3,00,000. ಇನ್ನು ದಿನಗಳನ್ನು ನೋಡಿ. 365ರಲ್ಲಿ ಭಾನುವಾರಗಳು 52 ಕಳೆದರೆ 313. ಹಬ್ಬ, ಮದುವೆ, ಸಾವು, ಜ್ವರಕ್ಕೆ 25 ಕಳೆದರೆ 288. ಸಾಮಾನು ತರಲು, ಗೋಡೆ ಅಳೆಯಲು, ಮಾದರಿ ತೋರಿಸಲು, ಬಾಕಿ ವಸೂಲಿಗೆ ಅಲೆಯಲು ವಾರಕ್ಕೆ ಎರಡು ದಿನಕ್ಕಿಂತ ಕಡಿಮೆಯೇ ಹಿಡಿಯೋಣ, ವರ್ಷಕ್ಕೆ 88. ಉಳಿದದ್ದು 200 ದಿನ. ಕೂಲಿ ಹುಟ್ಟುವುದು ಈ 200 ದಿನಗಳಲ್ಲಿ ಮಾತ್ರ. 3,00,000ವನ್ನು 200ರಿಂದ ಭಾಗಿಸಿದರೆ ದಿನಕ್ಕೆ 1,500 ರೂಪಾಯಿ.

ಕೇಳಿದ್ದು 660, ಬೇಕಾದದ್ದು 1,500! 660ರಂತೆ 200 ದಿನಕ್ಕೆ ಬರುವುದು 1,32,000. ಕೊರತೆ 1,68,000 ರೂಪಾಯಿ. ಈ ಕೊರತೆಯನ್ನು ಯಾರು ತುಂಬುತ್ತಾರೆ? ರಾತ್ರಿಗಳು ತುಂಬುತ್ತವೆ. ಭಾನುವಾರಗಳು ತುಂಬುತ್ತವೆ. ದೀಪ ಹಿಡಿದು ನಿಂತ ಮಗು ತುಂಬುತ್ತದೆ. ಬಣ್ಣ ಕಲಸಿ, ಕುಂಚ ತೊಳೆದು, ಗಿರಾಕಿಗೆ ಚಹಾ ಮಾಡಿಕೊಟ್ಟು, ಆಮೇಲೆ ಅಡಿಗೆಗೆ ಕೂರುವ ಹೆಂಡತಿ ತುಂಬುತ್ತಾಳೆ. ಧಣಿ ಇಲ್ಲವೆಂದುಕೊಂಡಿರಲ್ಲ, ಆ ಧಣಿ ಇಲ್ಲಿ ಅಡಗಿದ್ದಾನೆ. ಕಡಿಮೆ ದರವೇ ಆ ಧಣಿ.

ಕಸೂತಿ ಹಾಕುವ ಅಕ್ಕಂದಿರ ಪಾಡು ಇದಕ್ಕಿಂತ ಕಷ್ಟ. ಧಾರವಾಡ ಸೀಮೆಯ ಈ ಕೆಲಸದಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ, ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಒಲೆಯ ಮೇಲೆ ಅನ್ನವಿಟ್ಟು ಅರ್ಧ ಗಂಟೆ, ಮಗು ಮಲಗಿದ ಮೇಲೆ ಒಂದು ಗಂಟೆ, ಹೀಗೆ ಚೂರುಚೂರಾಗಿ ಕೆಲಸ ನಡೆಯುತ್ತದೆ. ಚೂರಾದ ಗಂಟೆಯನ್ನು ಯಾರೂ ಎಣಿಸುವುದಿಲ್ಲ, ಅವಳೂ ಎಣಿಸುವುದಿಲ್ಲ. “ಬಿಡುವಿನಲ್ಲಿ ಮಾಡಿದ್ದಲ್ಲವಾ ತಾಯಿ” ಎಂದು ಸೀರೆಗಿಷ್ಟು ಎಂದು ಕೊಟ್ಟು ಹೋಗುತ್ತಾರೆ. ಬಿಡುವಿನಲ್ಲಿ ದುಡಿದರೆ ಅದು ಬಿಡುವು ಹೇಗಾದೀತು? ಅಕ್ಕಂದಿರೇ, ಗೋಡೆಯ ಕ್ಯಾಲೆಂಡರಿನಲ್ಲಿ ದಿನದಿನದ ಗಂಟೆ ಗುರುತು ಹಾಕಿ. ಎಣಿಸದ ಗಂಟೆಗೆ ಜಗತ್ತಿನಲ್ಲಿ ಯಾರೂ ಕೂಲಿ ಕೊಟ್ಟಿಲ್ಲ.

ಈಗ ಪೇಂಟರ್ ಬಂಧುಗಳು ನಮ್ಮನ್ನು ಕೇಳುವ ಪ್ರಶ್ನೆ ಗೊತ್ತಿದೆ. “ನಾನು 1,500 ಕೇಳಿದರೆ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ, ಇಲ್ಲವೆ ಫ್ಲೆಕ್ಸ್ ಹಾಕಿಸುತ್ತಾನೆ. ಆಗ ಏನು ಮಾಡಲಿ?” ನಿಜವಾದ ಪ್ರಶ್ನೆ. ಫ್ಲೆಕ್ಸ್ ಬಂದ ಮೇಲೆ ಎಷ್ಟು ಕುಂಚಗಳು ಮೂಲೆ ಸೇರಿದವೆಂದು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ದರ ಇಳಿಸಿ ಯಂತ್ರದೊಡನೆ ಓಟಕ್ಕೆ ನಿಂತವನು ಗೆದ್ದದ್ದುಂಟೆ? ಯಂತ್ರಕ್ಕೆ ನಿದ್ದೆ ಬೇಡ, ನಿಮಗೆ ಬೇಕು. ಗುಡಿಯ ಗೋಡೆ, ನಾಟಕದ ಪರದೆ, ಶಾಲೆಯ ಭೂಪಟ, ಮಣ್ಣಿನ ಮೂರ್ತಿ ಎಂಬ ಕೈಯ ಕೆಲಸಗಳಲ್ಲಿ ನಿಮ್ಮ ದರ ನಿಲ್ಲಬೇಕು. ಅದು ಒಬ್ಬನಿಂದ ನಿಲ್ಲುವುದಿಲ್ಲ.

ಇದಕ್ಕೆ ವರ್ತಕ ಬಂಧುಗಳೇ ಸಾಕ್ಷಿ. ಒಬ್ಬ ಅಂಗಡಿಕಾರ ತಾನೊಬ್ಬನೇ ವಾರಕ್ಕೊಂದು ದಿನ ಬಾಗಿಲು ಹಾಕಿದರೆ ಅವನ ಗಿರಾಕಿ ಎದುರಂಗಡಿಗೆ ನಡೆದ. ಬೀದಿಯವರೆಲ್ಲ ಒಂದೇ ದಿನ ಹಾಕಿದರೆ? ಯಾರ ಗಿರಾಕಿಯೂ ಎಲ್ಲಿಗೂ ಹೋಗಲಿಲ್ಲ. ಸಕ್ಕರೆ ಬೇಕಾದವನು ಮುನ್ನಾದಿನ ಒಯ್ದ. ನಮ್ಮ ರಾಜ್ಯದಲ್ಲಿ ಅಂಗಡಿಗಳ ಬಗ್ಗೆ 1961ರಲ್ಲಿ ಆದ ಕಾಯಿದೆ ವಾರಕ್ಕೊಂದು ರಜೆಯನ್ನು ಬರೆದದ್ದು ಈ ತತ್ವದ ಮೇಲೆಯೇ. ಒಬ್ಬನೇ ತೆಗೆದುಕೊಂಡ ವಿಶ್ರಾಂತಿ ನಷ್ಟ. ಎಲ್ಲರೂ ಕೂಡಿ ತೆಗೆದುಕೊಂಡ ವಿಶ್ರಾಂತಿ ಹಕ್ಕು.

ಮಿಲ್ ಬಂಧುಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಭಾನುವಾರದ ರಜೆ ಆಕಾಶದಿಂದ ಉದುರಿದ್ದಲ್ಲ. ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮಿಲ್ ಕೆಲಸಗಾರರ ಸಭೆ ಕೂಡಿಸಿದರು. 5,500 ಜನ ಬೇಡಿಕೆಗೆ ಸಹಿ ಹಾಕಿದರು. ಮಾಲೀಕರು ಭಾನುವಾರದ ರಜೆಗೆ ಒಪ್ಪಿದ್ದು 1890ರ ಜೂನ್ 10ರಂದು. ಒಂದು ದಿನದ ಬಿಡುವಿಗೆ ಆರು ವರ್ಷದ ಹೋರಾಟ! ವಾರಕ್ಕೆ 48 ಗಂಟೆಯ ಮಿತಿ ಸ್ವತಂತ್ರ ಭಾರತದ ಕಾರ್ಖಾನೆ ಕಾಯಿದೆಯಲ್ಲಿ ಬಂದದ್ದು 1948ರಲ್ಲಿ. ಇನ್ನೊಂದು ಮಾತು ಮೂರ್ತಿಕಾರರಿಗಾಗಿ: ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ 1856ರ ಏಪ್ರಿಲ್ 21ರಂದು ಉಪಕರಣ ಕೆಳಗಿಟ್ಟು ಹೊರನಡೆದು ಎಂಟು ಗಂಟೆಯ ದಿನವನ್ನು ಗೆದ್ದವರು ಕಲ್ಲು ಕೆತ್ತುವ ಕಸುಬಿನವರೇ. ಉಳಿ ಹಿಡಿದ ಕೈಗಳು ಆ ದಾರಿಯನ್ನು ತೋರಿಸಿಕೊಟ್ಟಿವೆ.

ಒಡೆಯನೇ ಇಲ್ಲದವನಿಗೆ ಯಾರ ಮೇಲೆ ಹಕ್ಕು ಎಂದು ಕೇಳಬಹುದು. ಜರ್ಮನಿಯವರು ಇದಕ್ಕೊಂದು ಉತ್ತರ ಕಂಡುಕೊಂಡರು. ಅಲ್ಲಿ 1981ರಲ್ಲಿ ಕಾಯಿದೆ ಮಾಡಿ, 1983ರ ಜನವರಿ 1ರಿಂದ ಸ್ವಂತ ದುಡಿಮೆಯ ಕಲಾವಿದರಿಗೂ ಬರಹಗಾರರಿಗೂ ವಿಮೆ ತಂದರು. ಕಾಯಿಲೆಗೆ ಔಷಧ, ಮುಪ್ಪಿಗೆ ಪಿಂಚಣಿ. ವಿಮೆಯ ಕಂತಿನಲ್ಲಿ ಅರ್ಧ ಮಾತ್ರ ಕಲಾವಿದನದು. ಉಳಿದ ಅರ್ಧವನ್ನು ಅವನ ಕಲೆಯನ್ನು ಕೊಂಡು ಬಳಸುವ ಪ್ರಕಾಶಕರು, ಗ್ಯಾಲರಿಗಳು, ನಾಟಕಶಾಲೆಗಳು ಮುಂತಾದವರೂ ಸರಕಾರವೂ ಸೇರಿ ಕೊಡಬೇಕು. ಅವರದು 30 ಭಾಗ, ಸರಕಾರದ್ದು 20 ಭಾಗ. ಇದರಲ್ಲಿರುವ ವಿಚಾರವನ್ನು ಗಮನಿಸಿ. ಒಬ್ಬನೇ ಮಾಲೀಕ ಇಲ್ಲದಿದ್ದರೇನು, ನೂರು ಗಿರಾಕಿಗಳು ಕೂಡಿ ಒಬ್ಬ ಮಾಲೀಕನಷ್ಟು ಹೊಣೆ ಹೊರಬೇಕು ಎಂಬುದು.

ನಮ್ಮಲ್ಲಿ ಏನಿದೆ? ವಯಸ್ಸಾದ ಕಲಾವಿದರಿಗೆ ರಾಜ್ಯ ಸರಕಾರದ ಮಾಸಾಶನವಿದೆ. ಆದರೆ ಮೈ ಮುರಿದು ದುಡಿಯುವ ನಡುವಯಸ್ಸಿಗೆ ಅದು ಒದಗದು. 2023ರಲ್ಲಿ ಕೇಂದ್ರ ಸರಕಾರ ಕುಶಲಕರ್ಮಿಗಳಿಗೆಂದು ವಿಶ್ವಕರ್ಮ ಯೋಜನೆ ಆರಂಭಿಸಿದಾಗ 18 ಕಸುಬುಗಳ ಪಟ್ಟಿ ಮಾಡಿತು. ಶಿಲ್ಪಿ ಇದ್ದ, ಗೊಂಬೆ ಮಾಡುವವನಿದ್ದ. ಬೋರ್ಡು ಬರೆಯುವವನ ಹೆಸರು ಇರಲಿಲ್ಲ. ಹೆಸರಿಲ್ಲದವರು ಹೆಸರು ಸೇರಿಸಿರೆಂದು ಕೂಡಿ ಕೇಳಬೇಕು. ಸಣ್ಣ ಉದ್ಯಮಗಳ ಬಗ್ಗೆ 2006ರಲ್ಲಿ ಆದ ಕಾಯಿದೆಯೂ ಒಂದಿದೆ. ನೋಂದಣಿ ಮಾಡಿಸಿಕೊಂಡ ಸಣ್ಣ ಉದ್ಯಮದವನಿಗೆ, ಕೊಂಡವನು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬಡ್ಡಿ ಸೇರಿಸಿ ಕೊಡಬೇಕು ಎನ್ನುತ್ತದೆ ಅದು. ದೊಡ್ಡ ಕಂಟ್ರಾಕ್ಟರರ ಬಾಗಿಲಿಗೆ ವರ್ಷಗಟ್ಟಲೆ ಅಲೆದು ಚಪ್ಪಲಿ ಸವೆಸಿದವರು ಈ ನೋಂದಣಿಯನ್ನು ವಿಚಾರಿಸಿಕೊಳ್ಳಿ.

ದೊಡ್ಡ ಕಾಯಿದೆ ಬರುವ ತನಕ ಕೈಕಟ್ಟಿ ಕೂರುವುದೂ ಬೇಡ. ನಾಳೆಯಿಂದಲೇ ಮಾಡಬಹುದಾದ ಕೆಲಸಗಳಿವೆ. ಊರಿನ ಪೇಂಟರರು ಕೂಡಿ ಒಂದು ಕನಿಷ್ಠ ದರಪಟ್ಟಿ ಬರೆಯಿರಿ. ಬರೆಯಲು ನಿಮಗಿಂತ ಚೆಂದದ ಅಕ್ಷರ ಯಾರದು? ಮುಂಗಡವಿಲ್ಲದೆ ಕುಂಚ ಎತ್ತುವುದಿಲ್ಲವೆಂದು ಗೊತ್ತುಮಾಡಿ. ವಾರಕ್ಕೊಂದು ದಿನ, ಎಲ್ಲರೂ ಒಂದೇ ದಿನ, ಡಬ್ಬಿ ಮುಚ್ಚಿ. ಹಬ್ಬದ ಕಾಲದಲ್ಲಿ ಇದು ನಡೆಯದೆಂದು ಮೂರ್ತಿಕಾರರು ಹೇಳಬಹುದು. ಒಪ್ಪೋಣ. ನಿಮ್ಮ ದುಡಿಮೆ ನೀರಾವರಿ ಗದ್ದೆಯಲ್ಲ, ಮಳೆಯ ಹೊಲ. ಹಾಗಾದರೆ ದಿನದ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಿಡಿಯಿರಿ. ಸುಗ್ಗಿಯಲ್ಲಿ ಕೆಟ್ಟ ನಿದ್ದೆಯನ್ನು ಸುಗ್ಗಿಯ ನಂತರ ತೀರಿಸಿ. ಬಂದ ಹಣದಲ್ಲಿ ಒಂದು ಪಾಲನ್ನು ಖಾಲಿ ತಿಂಗಳಿಗೆಂದು ಕೂಡುನಿಧಿಯಲ್ಲಿಡಿ. ಮಿಲ್ ಕಾರ್ಮಿಕರು ತಮ್ಮ ಸಹಕಾರ ಸಂಘಗಳ ಲೆಕ್ಕಪತ್ರ ಇಡುವುದನ್ನು ಇವರಿಗೆ ಕಲಿಸಿಕೊಡಲಿ.

ಕೊನೆಗೆ ವರ್ತಕ ಬಂಧುಗಳಲ್ಲಿ ಒಂದು ಅರಿಕೆ. ನಿಮ್ಮ ಅಂಗಡಿಯ ಹೆಸರನ್ನು ಹಣೆಯ ಮೇಲೆ ಬರೆದವನು ಈ ಮನುಷ್ಯ. ಅವನ ಜೊತೆ ಚೌಕಾಸಿ ಮಾಡುವಾಗ, ಕಡಿಸಿದ ನೂರು ರೂಪಾಯಿ ಬಣ್ಣದಿಂದ ಕಡಿಯುವುದಿಲ್ಲ, ಅವನ ಮಗುವಿನ ನಿದ್ದೆಯಿಂದ ಕಡಿಯುತ್ತದೆ ಎಂಬುದನ್ನು ನೆನೆಯಿರಿ. ಸಗಟು ವ್ಯಾಪಾರಿ ನಿಮ್ಮ ಕತ್ತು ಹಿಚುಕುವುದು ನಮಗೆ ಗೊತ್ತು. ಹಿಚುಕಿಸಿಕೊಂಡವನೇ ಇನ್ನೊಬ್ಬನನ್ನು ಹಿಚುಕಬಾರದು.

ಕಲಾವಿದ ಬಂಧುಗಳೇ, ಎಂಟು ಗಂಟೆ ದುಡಿದು, ಸಂಜೆ ಮಕ್ಕಳ ಪಾಠ ಕೇಳಿ, ರಾತ್ರಿ ನಿದ್ದೆ ಮಾಡಿದ ಕೈ ಬರೆಯುವ ಗೆರೆ ನಡುಗುವುದಿಲ್ಲ. ಬಿಡುವು ಕೇಳುವುದು ಕಲೆಗೆ ಬಗೆವ ದ್ರೋಹವಲ್ಲ, ಕಲೆಯನ್ನು ಉಳಿಸುವ ದಾರಿ. ಇಂದು ಸಭೆ ಮುಗಿದ ಮೇಲೆ ಯಾರೂ ಹಾಗೆಯೇ ಹೋಗಬೇಡಿ. ದರಪಟ್ಟಿಗೆ ಕಾಗದ ತಂದಿದ್ದೇವೆ. ಮೊದಲನೆಯ ಸಾಲು ಬರೆಯಲು ಒಬ್ಬರು ಮುಂದೆ ಬನ್ನಿ.