ಪಿಜ್ಜಾ ಅಲ್ಲ, ಸಂಜೆ ಬೇಕು

‘ಐ.ಟಿ.ಯವರಿಗೆ ಏನ್ರೀ ಕಷ್ಟ? ಎ.ಸಿ. ರೂಮು, ಮನೆ ಬಾಗಿಲಿಗೆ ಕ್ಯಾಬು, ಲಕ್ಷದ ಸಂಬಳ!’ ಹೀಗನ್ನೋರು ಬಹಳ ಜನ. ಇದೇ ಸ್ಟುಡಿಯೋದಲ್ಲಿ ಕೂತು ನಾನೂ ಒಂದ್ಸಲ ಅಂದಿದ್ದೀನಿ, ಸುಳ್ಳೇಕೆ?

2024ರ ಜುಲೈನಲ್ಲಿ ಸರ್ಕಾರದ ಮುಂದೆ ಒಂದು ಪ್ರಸ್ತಾಪ ಬಂದಿತ್ತು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಆಗ ದಿನಕ್ಕೆ 9 ಗಂಟೆ ಕೆಲಸ. ಓವರ್‌ಟೈಮ್ ಸೇರಿದ್ರೂ 10 ದಾಟುವಂತಿರಲಿಲ್ಲ. ಅದನ್ನು ತಿದ್ದಿ, ಐ.ಟಿ.ಯವರನ್ನು 12 ಗಂಟೆಗೂ ಮೇಲೆ ದುಡಿಸೋಕೆ ದಾರಿ ಮಾಡೋ ಯೋಚನೆ ಅದು. ಇದು 14 ಗಂಟೆಗೆ ಹೋಗಿ ನಿಲ್ಲುತ್ತೆ ಅಂತ ನೌಕರರ ಸಂಘ ಕೆಐಟಿಯು ತಿರುಗಿಬಿದ್ದಿತ್ತು. ಇದು ನಮ್ಮ ಯೋಚನೆಯಲ್ಲ, ಕಂಪನಿಗಳ ಒತ್ತಡ ಅಂದಿದ್ದರು ಆಗ ಕಾರ್ಮಿಕ ಸಚಿವರಾಗಿದ್ದ ಸಂತೋಷ್ ಲಾಡ್.

ಲೆಕ್ಕ ಹಾಕಿ ಸ್ವಾಮಿ. 14 ಗಂಟೆ ಕೆಲಸ. ಸಿಲ್ಕ್ ಬೋರ್ಡ್ ದಾಟಿ ಹೋಗಿ ಬರೋಕೆ 3 ಗಂಟೆ. ಉಳಿದಿದ್ದು 7. ಊಟ, ಸ್ನಾನ, ನಿದ್ದೆ, ಮಗುವಿನ ಮುಖ ನೋಡೋದು, ಎಲ್ಲಾ ಅದರಲ್ಲೇ ಆಗಬೇಕು.

ಮೊನ್ನೆ ಬೆಳ್ಳಂದೂರಿನ ಟೀ ಅಂಗಡಿ ಹತ್ರ ನಾಲ್ಕೈದು ಹುಡುಗರು ಸಿಕ್ಕರು. ‘ಏನ್ರಪ್ಪಾ ಬೇಕು ನಿಮಗೆ, ಸಂಬಳ ಜಾಸ್ತಿನಾ?’ ಅಂದೆ.

‘ಸಂಬಳ ಯಾರಿಗೆ ಬೇಡ ಸಾರ್? ಎರಡು ಗಂಟೆ ಯಾರೂ ಮೀಟಿಂಗಿಗೆ ಕರೀದೆ ಕೋಡ್ ಬರೆಯೋಕೆ ಬಿಟ್ರೆ ಅದೇ ದೊಡ್ಡದು’ ಅಂದ ಒಬ್ಬ. ಕೋಡ್ ಬರೆಯೋದು ಮೂಟೆ ಹೊತ್ತ ಹಾಗಲ್ಲವಂತೆ. ಇಡೀ ಲೆಕ್ಕ ತಲೆಯಲ್ಲಿ ಹಿಡ್ಕೊಂಡು ಕೂತಿರಬೇಕು. ಯಾರೋ ಬಂದು ಭುಜ ತಟ್ಟಿದ್ರೆ ಮತ್ತೆ ಮೊದಲಿನಿಂದ. ರಾತ್ರಿ ಹನ್ನೊಂದಕ್ಕೆ ಕಣ್ಣು ಉಜ್ಜಿಕೊಂಡು ಬರೆದದ್ದನ್ನು ಮಾರನೇ ದಿನ ತಿದ್ದೋದೇ ಒಂದು ಕೆಲಸ. ಹಾಗಾದ್ರೆ ಆ ಹೆಚ್ಚಿನ ಗಂಟೆಗಳಿಂದ ಕಂಪನಿಗಾದರೂ ಏನು ಬಂತು?

ಇನ್ನೊಬ್ಬಳು ಹುಡುಗಿ, ಹಾಸನದ ಕಡೆಯವಳು, ಜೋರಾಗಿ ನಕ್ಕಳು. ‘ನಾವೆಲ್ಲ ಒಂದೇ ಫ್ಯಾಮಿಲಿ ಅಂತಾರೆ ಸಾರ್. ನಾನು ಬಿಡ್ತೀನಿ ಅಂದ್ರೆ 90 ದಿನ ನೋಟಿಸು. ಅವರು ತೆಗೆಯೋದಾದ್ರೆ ಬೆಳಗ್ಗೆ ಮೇಲ್, ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ವಾಪಸ್. ಶುಕ್ರವಾರದ ಪಿಜ್ಜಾ ಅವರೇ ತಿನ್ಲಿ, ಆರೂವರೆಗೆ ನನ್ನನ್ನ ಮನೆಗೆ ಕಳಿಸ್ಲಿ.’

ನಾರಾಯಣ ಮೂರ್ತಿ ಅವರು 2023ರ ಅಕ್ಟೋಬರ್‌ನಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. ಸ್ವಂತ ಕಂಪನಿ ಕಟ್ಟೋರು ದುಡೀಲಿ, ಯಾರು ಬೇಡ ಅಂದ್ರು? ಬೇರೆಯವರ ಕಂಪನಿಯಲ್ಲಿ ಸಂಬಳಕ್ಕಿರೋ ಹುಡುಗಿಗೆ ಅದೇ ಅಳತೆಗೋಲು ಹಿಡಿಯೋದು ಅನ್ಯಾಯ.

ಸಚಿವರು ಆಗ ಚರ್ಚೆಯಾಗಲಿ ಅಂದಿದ್ದರು. ಆಗಲಿ. ಆದ್ರೆ ಸಭೆ ಸಂಜೆ ಏಳಕ್ಕೆ ಇಡಬೇಡಿ ಸಾರ್, ಆ ಹೊತ್ತಿಗೆ ಈ ಮಕ್ಕಳಿಗೆ ಅಮೆರಿಕದ ಕಾಲ್ ಇರುತ್ತೆ.